ಹಿಂದಕ್ಕೆ ಸರಿದಿದ್ದ ಸೀಟು

ಮರಿ,

ನಾನು ಡ್ಯೂಟಿಗೆ ಹೊರಟೆ. ಕಾರಿನ ಕೀ ಅಡುಗೆಮನೆಯ ಸ್ಟೀಲ್ ಡಬ್ಬದಲ್ಲಿದೆ, ಮುಚ್ಚಳ ಬಿಗಿಯಾಗಿ ಹಾಕು. ಕಳ್ಳರು ಬೀದೀಲೇ ನಿಂತು ಕೀಯ ಸಿಗ್ನಲ್ ಹಿಡಿದು ಕಾರಿನ ಬಾಗಿಲು ತೆಗೀತಾರಂತೆ, ಸ್ಟೀಲಿನೊಳಗಿದ್ರೆ ಸಿಗ್ನಲ್ ಹೊರಗೆ ಬರಲ್ವಂತೆ. ಅದಕ್ಕೇ ಮೊನ್ನೆ ಗಾಜು ಒಡೀದೇನೇ ಕಾರಲ್ಲಿದ್ದ ತನ್ನ ಟೂಲ್ಸ್ ಬ್ಯಾಗ್ ಹೋಯ್ತು ಅಂತ ನಿಮ್ಮಪ್ಪನ ವಾದ. ಹಾಗೇ ನಂಬ್ಕೊಂಡಿರಲಿ.

ಸ್ಟೀರಿಂಗಿಗೆ ಹೊಸ ಬೀಗ ತಂದಿದಾರೆ, ಅದನ್ನೂ ಹಾಕು. ನಿನ್ನ ಬ್ಯಾಗು ಸೀಟಿನ ಮೇಲೆ ಬಿಟ್ಟು ಬರಬೇಡ. ಎಷ್ಟು ಸಲ ಬಾಯಿ ಬಡ್ಕೊಳ್ಳಲಿ?

ಮೆಕ್ಯಾನಿಕ್ ಬರ್ತಾನೆ. ಬೀರುವಿನಲ್ಲಿದ್ದ ಇನ್ನೊಂದು ಕೀ ಕಳೆದಿದೆ, ಇನ್ನು ಅದರಿಂದ ಕಾರಿನ ಬಾಗಿಲು ತೆಗೆಯೋಕಾಗದ ಹಾಗೆ ಮಾಡಿ ಅನ್ನು. ಹೇಗೆ ಕಳೀತು ಅಂದ್ರೆ ಗೊತ್ತಿಲ್ಲ ಅನ್ನು.

ನಿನಗೊಬ್ಬಳಿಗೇ ಹೇಳ್ತಿದೀನಿ. ಬ್ಯಾಗ್ ಹೋದ ದಿನ ಬೆಳಿಗ್ಗೆ ಮೊದಲು ಕಾರಿನ ಹತ್ರ ಹೋಗಿದ್ದು ನಾನು. ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ನಮ್ಮಲ್ಲಿ ಅಷ್ಟುದ್ದದ ಕಾಲು ಮನೆ ಬಿಟ್ಟುಹೋದ ನಿಮ್ಮಣ್ಣಂದು ಮಾತ್ರ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದನೋ ಏನೋ. ಅಪ್ಪ ನೋಡೋ ಮೊದಲೇ ಸೀಟು ಮುಂದಕ್ಕೆ ಎಳೆದುಬಿಟ್ಟೆ.

ನಿಮ್ಮಣ್ಣ ಬಂದ್ರೆ ಊಟ ಹಾಕು, ಹಸಿದಿರ್ತಾನೆ. ಕೀ ಇರೋ ಡಬ್ಬ ಮಾತ್ರ ಮೊದಲೇ ಅಲ್ಲಿಂದ ಎತ್ತಿಡು. ಅವನು ಚಪ್ಪಲಿ ಬಿಟ್ಟೋನೇ ನೀರು ಕುಡಿಯೋಕೆ ನೇರ ಅಡುಗೆಮನೆಗೇ ಹೋಗೋದು.

ಅಮ್ಮ