ಬೆಳ್ಳಿ ಚಮಚ ಕಪ್ಪಾಗಲಿಲ್ಲ

ಪೋರ್ಸ್-ಮೆಲೆನ್,
ಸೆಪ್ಟೆಂಬರ್ ೨೨, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಮಗ ಗೊನೆರಿ,

ಹೇಗಿದ್ದೀಯಪ್ಪಾ? ಸೊಂಟ ನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯ ಸೆಕೆಯಲ್ಲಿ ಬೆವರಿ, ಹಾಗೇ ಮೇಲೆ ಬಂದು ತಣ್ಣನೆ ಗಾಳಿಗೆ ಎದೆಯೊಡ್ಡಿ ನಿಲ್ಲುವುದು ನಿನ್ನ ಅಪ್ಪನ ಚಾಳಿ. ಅದು ನಿನಗೂ ಬಂದಿದೆ, ಬಿಡು ಅಂದರೆ ಬಿಡುವವನಲ್ಲ. ಕೊರಳಿಗೆ ಉಣ್ಣೆ ಬಟ್ಟೆಯನ್ನಾದರೂ ಸುತ್ತಿಕೋ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲಿಳಿಯುವಾಗ ಕಟಕಟ ಅನ್ನುತ್ತದೆ. ಈ ಮಾತನ್ನು ನೆನಪಿಟ್ಟುಕೋ, ಯಾಕೆಂದರೆ ಇಷ್ಟರಲ್ಲೇ ನಿನ್ನ ಹೆಂಡತಿ ನಿನಗೆ ಫೋನು ಮಾಡಿ, ಅಮ್ಮನಿಗೆ ಅರಳುಮರಳು ಅಂತ ಹೇಳಬಹುದು. ನಾನೂ ಫೋನಿನಲ್ಲೇ ಹೇಳುತ್ತಿದ್ದೆ. ಆದರೆ ನೀನು ಹಡಗಿನಿಂದ ಮಾತಾಡುವಾಗ ‘ಹೂಂ ಅಮ್ಮಾ, ಸರಿ ಅಮ್ಮಾ’ ಅನ್ನುವಷ್ಟರಲ್ಲಿ ಲೈನು ಕಡಿದುಹೋಗುತ್ತದೆ. ನನ್ನ ಸಿಟ್ಟಿಗೆ ಅಷ್ಟು ಹೊತ್ತು ಸಾಲದು.

ನಮ್ಮೂರ ರಿವಾಲ್ ನಾಳೆ ಲ ಹಾವ್ರ್ ಬಂದರಿನಲ್ಲಿ ನಿನ್ನ ಹಡಗು ಹತ್ತುತ್ತಾನಲ್ಲ, ಇವತ್ತು ಸಂಜೆ ಬಂದು ಪೊಟ್ಟಣ ಒಯ್ಯುತ್ತೇನೆ ಅಂದಿದ್ದಾನೆ. ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ, ಉಪ್ಪು ಬೆಣ್ಣೆಯ ಕೇಕು ಇಟ್ಟಿದ್ದೇನೆ. ಕಾಲುಚೀಲಗಳ ನಡುವೆ ಮೂರು ಗಾಜಿನ ಜಾಡಿ ಇವೆ, ಹುಷಾರಾಗಿ ಬಿಚ್ಚು. ಕಪ್ಪು ಚಿಪ್ಪು ಬಿಡಿಸಿ ವಿನೆಗರಿನಲ್ಲಿ ಹಾಕಿದ ಪಚ್ಚಿಲೆ. ನಮ್ಮ ಬಂಡೆಯದೇ, ನಾನೇ ಕೆರೆದು ತಂದದ್ದು. ನಿನ್ನ ಹುಟ್ಟುಹಬ್ಬಕ್ಕೆ ತೆಗೆದು ತಿನ್ನು, ಅಡುಗೆಯವನಿಗೂ ರುಚಿ ನೋಡಿಸು. ಕಳೆದ ಸಲ ನಾಲ್ಕು ಜನ ಸೇರಿ ಒಂದೇ ರಾತ್ರಿಯಲ್ಲಿ ಜಾಡಿ ನೆಕ್ಕಿಟ್ಟರು ಅಂತ ನೀನು ಬರೆದಿದ್ದೆ, ಅದನ್ನು ಓದಿ ಎಷ್ಟು ಹಿಗ್ಗಿದ್ದೆ ಗೊತ್ತೇ?

ಈಗ ಸಮಾಚಾರಕ್ಕೆ ಬರುತ್ತೇನೆ. ಈ ವಾರ ಸಮುದ್ರಕ್ಕೆ ವರ್ಷದ ದೊಡ್ಡ ಇಳಿತ. ನೀನು ಚಿಕ್ಕವನಿದ್ದಾಗ ಆ ದಿನ ಶಾಲೆಯಲ್ಲಿ ಬೆಂಚು ಖಾಲಿ, ಚರ್ಚಿನಲ್ಲಿ ಪಾದ್ರಿ ಒಬ್ಬರೇ. ಊರಿಗೆ ಊರೇ ಬುಟ್ಟಿ, ಗೋರುಗೋಲು ಹಿಡಿದು ಸಮುದ್ರ ಬಿಟ್ಟುಕೊಟ್ಟ ನೆಲಕ್ಕೆ ಇಳಿಯುತ್ತಿತ್ತು. ಈ ಸಲ ಏನಾಯಿತು ಕೇಳು. ಗುರುವಾರವೇ ಯಾರೋ ಬಂದು ದೋಣಿ ಇಳಿಸುವ ಇಳಿಜಾರಿನ ಬಾಯಿಗೆ ಒಂದು ಹಳದಿ ಬೋರ್ಡು ನೆಟ್ಟು ಹೋದರು. ಸಮುದ್ರದಲ್ಲಿ ವಿಷದ ಪಾಚಿ ಎದ್ದಿದೆಯಂತೆ, ಚಿಪ್ಪಿನೊಳಗಿನದು ಯಾವುದನ್ನೂ ಮುಟ್ಟಬಾರದಂತೆ, ಮುಟ್ಟಿದರೆ ದಂಡವಂತೆ. ಎಲ್ಲಿದೆ ವಿಷ? ನಾನು ಕಣ್ಣಾರೆ ನೋಡಿದೆ ಮಗಾ, ನೀರು ಗಾಜಿನ ಹಾಗಿತ್ತು. ಕೆಂಪಿಲ್ಲ, ನೊರೆಯಿಲ್ಲ, ನಾತವಿಲ್ಲ. ಕಣ್ಣಿಗೆ ಕಾಣದ ಪಾಚಿಯಂತೆ! ಕಾಣದ್ದನ್ನು ಇವರು ಹೇಗೆ ಕಂಡರೋ. ಆದರೆ ನಮ್ಮ ಊರಿನ ಗಂಡಸರು, ಬಿರುಗಾಳಿಗೆ ಹೆದರದ ಮೀಸೆಗಳು, ಬೋರ್ಡಿನ ಮುಂದೆ ಕುರಿಗಳ ಹಾಗೆ ನಿಂತು, ತಲೆ ಕೆರೆದುಕೊಂಡು, ಬರಿಬುಟ್ಟಿ ಹೊತ್ತು ಮನೆಗೆ ಹೋದರು. ನಾನು ಹೋದೆ. ಶುಕ್ರವಾರ ಒಬ್ಬಳೇ ಹೋಗಿ, ನಿನ್ನ ಅಪ್ಪ ತೋರಿಸಿಕೊಟ್ಟ ಆ ಗೂನುಬಂಡೆಯ ಹಿಂದಿನಿಂದ ಬುಟ್ಟಿ ತುಂಬಾ ತಂದೆ. ಪಚ್ಚಿಲೆ ಬೇಯಿಸುವುದಕ್ಕೆ ಮೇಯರನ್ನು ಕೇಳಬೇಕೇ? ಕೋಳೀನ ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರಾ?

ನನ್ನ ಹೊಟ್ಟೆ ಉರಿಯುವುದು ಯಾತಕ್ಕೆ ಅಂದರೆ, ಅಷ್ಟು ವಿಷ ಇರುವುದೇ ನಿಜವಾದರೆ ಅದನ್ನು ಸಮುದ್ರಕ್ಕೆ ಹಾಕಿದವರು ಯಾರು? ನಾನೇ? ಮೇಲಿನ ಸೀಮೆಯಲ್ಲಿ ಊರಿಗಿಂತ ದೊಡ್ಡ ಹಂದಿ ಕೊಟ್ಟಿಗೆಗಳನ್ನು ಕಟ್ಟಿದ್ದಾರೆ. ಹಂದಿಯ ಗಲೀಜು ಹೊಲಕ್ಕೆ, ಹೊಲದ ಗೊಬ್ಬರ ಹೊಳೆಗೆ, ಹೊಳೆ ನಮ್ಮ ಕೊಲ್ಲಿಗೆ. ಬೇಸಿಗೆಯಲ್ಲಿ ಹಸಿರು ಪಾಚಿ ದಂಡೆಯ ಮೇಲೆ ಕೊಳೆತು ನಾರುವಾಗ ಮೂಗು ಮುಚ್ಚಿಕೊಂಡು ಬಂದ ಅಧಿಕಾರಿ, ‘ಪರಿಶೀಲನೆ ನಡೀತಿದೆ ಮೇಡಂ’ ಅಂದ. ನಿನ್ನ ಅಪ್ಪ ಬದುಕಿದ್ದಾಗಿನಿಂದ ನಡೆಯುತ್ತಿದೆ ಆ ಪರಿಶೀಲನೆ, ಇನ್ನೂ ಮನೆ ತಲುಪಿಲ್ಲ. ಆ ಕೊಟ್ಟಿಗೆಗಳ ಬಾಗಿಲಿಗೆ ಯಾರಾದರೂ ಹಳದಿ ಬೋರ್ಡು ನೆಟ್ಟರೇ? ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೂಲೆಯಲ್ಲಿ ಬುಟ್ಟಿ ಹಿಡಿದು ನಿಂತ ಮುದುಕಿ ಸಿಕ್ಕಳಲ್ಲ, ಅವಳಿಗೆ ದಂಡ ಹಾಕಿ! ಇದನ್ನು ಬರೆಯುವಾಗ ಸಿಟ್ಟಿಗೆ ತುಟಿಯೆಲ್ಲ ಚುರುಗುಟ್ಟುತ್ತಿದೆ. ಊಟಕ್ಕೆ ಕರಿಮೆಣಸು ಸ್ವಲ್ಪ ಮುಂದಾಗಿತ್ತು, ಅದೂ ಇರಬಹುದು.

ಇವತ್ತಿನ ಊಟದ ವಿಷಯ ಹೇಳಿದರೆ ನಿನಗೂ ಮೈ ಉರಿಯುತ್ತದೆ. ನಿನ್ನ ಹೆಂಡತಿ ಯೂನಾ, ನಿನ್ನ ಮಗಳು ಎನೋರಾ, ರಿವಾಲ್ ಮತ್ತು ಅವನ ತಾಯಿ, ಎಲ್ಲರನ್ನೂ ಕರೆದಿದ್ದೆ. ದೊಡ್ಡ ಪಾತ್ರೆಯಲ್ಲಿ ಈರುಳ್ಳಿ, ಬೆಣ್ಣೆ, ಬಿಳಿ ವೈನು ಹಾಕಿ ಪಚ್ಚಿಲೆ ಇಟ್ಟೆ. ನಮ್ಮ ಮನೆಯ ಪದ್ಧತಿಯ ಹಾಗೆ ನನ್ನ ಅತ್ತೆಯ ಅತ್ತೆಯ ಬೆಳ್ಳಿ ಚಮಚವನ್ನು ಕುದಿಯುವ ರಸದಲ್ಲಿ ಮುಳುಗಿಸಿ, ಒಂದು ‘ನಮೋ ಮರಿಯಾ’ ಪ್ರಾರ್ಥನೆ ಹೇಳಿ ತೆಗೆದೆ. ಪಚ್ಚಿಲೆ ಕೆಟ್ಟಿದ್ದರೆ ಬೆಳ್ಳಿ ಕಪ್ಪಾಗುತ್ತದೆ, ಈ ಊರಿನ ಕೂಸಿಗೂ ಇದು ಗೊತ್ತು. ನನ್ನ ಕಾಲದಲ್ಲಿ ಅದು ಕಪ್ಪಾದದ್ದು ಒಂದೇ ಸಲ. ಅವತ್ತು ಪಚ್ಚಿಲೆ ಎಷ್ಟು ನಾರುತ್ತಿತ್ತು ಅಂದರೆ ನಾಯಿಯೂ ಅಡುಗೆಮನೆ ಬಿಟ್ಟು ಓಡಿತ್ತು. ಆದರೂ ನಿನ್ನ ಅಜ್ಜ ಚಮಚ ನೋಡಿಯೇ ಪಾತ್ರೆ ಕೆಳಗಿಟ್ಟದ್ದು. ಇವತ್ತು ಚಮಚ ಹೊರಗೆ ಬಂತು ನೋಡು, ಅಚ್ಚ ಬೆಳ್ಳಗೆ! ಎಲ್ಲರಿಗೂ ಎತ್ತಿ ತೋರಿಸಿದೆ. ‘ನೋಡ್ರಪ್ಪಾ, ಇದು ನನ್ನ ಬೋರ್ಡು’ ಅಂದೆ. ರಿವಾಲ್ ನಕ್ಕ. ಎನೋರಾ ತಟ್ಟೆ ಮುಂದೆ ತಳ್ಳಿದಳು, ಪಾಪ, ಹಸಿದಿತ್ತು ಮಗು.

ಅಷ್ಟರಲ್ಲಿ ಯೂನಾ ಎದ್ದು ನಿಂತಳು. ಎಲ್ಲರ ಎದುರಿಗೇ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಅದೇ ದನಿಯಲ್ಲಿ ಶುರುಮಾಡಿದಳು: ‘ಅತ್ತೆ, ಬೇಜಾರು ಮಾಡ್ಕೋಬೇಡಿ. ಬೆಳ್ಳಿ ಕಪ್ಪಾಗೋದು ಕೊಳೆತಿದ್ರೆ. ಈ ವಿಷ ಕೊಳೆಯೋ ವಿಷ ಅಲ್ಲ. ಇದಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಕುದಿಸಿದ್ರೂ ಹೋಗಲ್ಲ, ವಿನೆಗರ್ ಹಾಕಿದ್ರೂ ಹೋಗಲ್ಲ. ಮೊದ್ಲು ತುಟಿ ಜುಮ್ ಅನ್ನುತ್ತಂತೆ, ಆಮೇಲೆ ಬೆರಳು, ಆಮೇಲೆ ನಾಲಗೆ ದಪ್ಪ ಆಗುತ್ತಂತೆ, ಕೊನೆಗೆ ಉಸಿರು.’ ಅಜ್ಜಿಗೆ ಕೆಮ್ಮು ಕಲಿಸೋಕೆ ಬಂದಳು! ಹಂದಿ ಸಾಕುವ ಮೇಲಿನ ಸೀಮೆಯಿಂದ ಬಂದವಳು, ಮದುವೆಗೆ ಮುಂಚೆ ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದವಳು ನನಗೆ ಪಚ್ಚಿಲೆಯ ಪಾಠ ಹೇಳಬೇಕೇ? ‘ನಿಮ್ಮಪ್ಪನ ಹಂದಿಗೆ ಹೋಗಿ ಹೇಳಮ್ಮಾ ಇದನ್ನ’ ಅಂದೆ. ಅಂದದ್ದು ಹೌದು, ಇಲ್ಲ ಅನ್ನುವುದಿಲ್ಲ. ಅವಳ ಮುಖ ಕೆಂಪಾಯಿತು. ಬಟ್ಟೆ ಹಿಡಿದು ಆ ದೊಡ್ಡ ಪಾತ್ರೆಯನ್ನು ಎತ್ತಿ, ಹಿತ್ತಲಿಗೆ ಹೋಗಿ, ಗುಲಾಬಿ ಗಿಡದ ಪಕ್ಕದ ಗುಂಡಿಗೆ ಸುರಿದು ಮಣ್ಣು ಎಳೆದುಬಿಟ್ಟಳು. ಬೆಣ್ಣೆ, ವೈನು, ಪಚ್ಚಿಲೆ, ನನ್ನ ಮಾನ, ಎಲ್ಲಾ ಒಟ್ಟಿಗೆ. ರಿವಾಲನ ತಾಯಿ ಬ್ರೆಡ್ಡನ್ನು ನೋಡುತ್ತಾ ಕೂತಳು.

ಅವರೆಲ್ಲ ಬ್ರೆಡ್ಡು, ಚೀಸು ತಿಂದು ಎದ್ದು ಹೋದರು. ಹೋಗುವಾಗ ಯೂನಾ ಬಾಗಿಲಲ್ಲಿ ನಿಂತು, ‘ಅತ್ತೆ, ಏನಾದ್ರೂ ಆದ್ರೆ ಒಂದು ಫೋನ್ ಮಾಡಿ’ ಅಂದಳು. ಏನಾಗಬೇಕಂತೆ ನನಗೆ? ನಾನು ಬಾಗಿಲು ಹಾಕಿಕೊಂಡೆ. ಮಗಾ, ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು. ಸಾರಿಗೆ ಬೇಕು ಅಂತ ಒಂದು ಬೋಗುಣಿ ಪಚ್ಚಿಲೆಯನ್ನು ನಾನು ಮೊದಲೇ ಒಳಗೆ ತೆಗೆದಿಟ್ಟಿದ್ದೆ. ಕಿಟಕಿಯ ಹತ್ತಿರ ಕುರ್ಚಿ ಎಳೆದು, ದಪ್ಪ ಬೆಣ್ಣೆ ಸವರಿದ ಬ್ರೆಡ್ಡಿನ ಜೊತೆ ಒಂದೊಂದೇ ತಿಂದೆ, ಕೊನೆಗೆ ರಸವನ್ನೂ ಬಿಡಲಿಲ್ಲ. ಹಸಿವಿನಿಂದಲ್ಲ, ಹಟದಿಂದ. ಆ ರುಚಿ! ಈ ರುಚಿಯಲ್ಲಿ ವಿಷ ಇದೆ ಅಂದವರ ಬಾಯಿಗೆ ಮಣ್ಣು ಹಾಕಬೇಕು. ತಿಂದು ಮುಗಿಸಿ, ಬೋಗುಣಿ ತೊಳೆದು, ನಿನಗೆ ಬರೆಯಲು ಕೂತೆ. ಇನ್ನೂ ಕೂತೇ ಇದ್ದೇನೆ, ನೋಡು, ಗಟ್ಟಿಮುಟ್ಟಾಗಿ.

ಅಕ್ಷರ ಸ್ವಲ್ಪ ಸೊಟ್ಟಗಿದ್ದರೆ ಬೇಸರಿಸಬೇಡ. ಯೂನಾ ಕೊಟ್ಟ ಪೆನ್ನು ಇದು, ಬದನೆಕಾಯಿಯಷ್ಟು ದಪ್ಪ, ಬೆರಳಿಗೆ ಹಿಡಿತವೇ ಸಿಗುವುದಿಲ್ಲ. ಕಿಟಕಿ ತೆರೆದಿದೆಯಲ್ಲ, ಬೆರಳ ತುದಿಗಳಿಗೆ ಥಂಡಿ ಹಿಡಿದಂತಿದೆ. ಎದ್ದು ಕಿಟಕಿ ಹಾಕಿ ಬಂದೆ. ನಡೆಯುವಾಗ ನೆಲ ದೋಣಿಯ ಹಾಗೆ ಮೆತ್ತಗೆ ತೂಗಿತು. ಊಟಕ್ಕೆ ಸೇಬಿನ ಸೈಡರ್ ಕುಡಿದಿದ್ದೆ, ಒಂದೇ ಬಟ್ಟಲು. ವಯಸ್ಸಾಯಿತು ನೋಡು, ಒಂದು ಬಟ್ಟಲು ಸೈಡರೂ ತಲೆಗೇರುತ್ತದೆ.

ನೀನು ನ್ಯಾಯ ಹೇಳಬೇಕು ಗೊನೆರಿ. ಹೆಂಡತಿಯ ಕಡೆ ವಾಲಬೇಡ, ನನ್ನ ಕಡೆಯೂ ವಾಲಬೇಡ. ಸರಿ, ನನ್ನ ಕಡೆ ಸ್ವಲ್ಪ ವಾಲು. ಈ ಮನೆಗೆ ಬಂದ ಸೊಸೆಗೆ ಆ ಚಮಚ ಕೊಡುವುದು ಪದ್ಧತಿ. ನಾನು ಇಷ್ಟು ವರ್ಷ ಕೊಡದೆ ಇಟ್ಟುಕೊಂಡಿದ್ದೇನೆ ಅಂತ ನೀನು ರೇಗಿಸುತ್ತೀಯಲ್ಲ, ಈಗ ಗೊತ್ತಾಯಿತೇ ಯಾಕೆ ಅಂತ? ಚಮಚವನ್ನು ನಂಬದವಳಿಗೆ ಚಮಚ ಯಾಕೆ? ಅವಳು ಕೆಟ್ಟವಳು ಅಂತ ನಾನು ಹೇಳುವುದಿಲ್ಲ. ಎನೋರಾಳನ್ನು ಚೆನ್ನಾಗಿ ಬೆಳೆಸಿದ್ದಾಳೆ. ಕಳೆದ ಚಳಿಗಾಲ ನನಗೆ ಜ್ವರ ಬಂದಾಗ ಮೂರು ದಿನ ಈ ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದಳು. ಆದರೆ ಎಲ್ಲರ ಎದುರು ನನ್ನ ಪಾತ್ರೆ ಎತ್ತಬಾರದಿತ್ತು.

ಹಡಗಿನವರಿಗೆಲ್ಲ ನನ್ನ ನಮಸ್ಕಾರ ಹೇಳು. ದೇವಮಾತೆ ನಿನ್ನನ್ನು ಕಾಯಲಿ, ಗಾಳಿ ನಿನ್ನ ಬೆನ್ನಿಗಿರಲಿ, ಕ್ರಿಸ್‌ಮಸ್ಸಿಗೆ ನಿನ್ನ ತಟ್ಟೆ ಈ ಮೇಜಿನ ಮೇಲೇ ಇರಲಿ.

ನಿನ್ನ ಅಮ್ಮ,
ಅರ್ಮೆಲ್

ತಾ.ಕ.: ಮಗಾ, ಪೊಟ್ಟಣದಲ್ಲಿ ಜಾಡಿ ಹುಡುಕಬೇಡ. ಇಲ್ಲ. ತೆಗೆದುಬಿಟ್ಟೆ. ಪೊಟ್ಟಣಕ್ಕೆ ಟೇಪು ಅಂಟಿಸಲು ಹೋದೆ, ಟೇಪು ಬೆರಳಿಗೆ ತಿಳಿಯಲಿಲ್ಲ. ಬಿಸಿ ಕೆಟಲ್ ಮುಟ್ಟಿ ನೋಡಿದೆ, ಅದೂ ತಿಳಿಯಲಿಲ್ಲ. ತುಟಿ ನನ್ನದೇ ಅಲ್ಲ ಅನ್ನುವ ಹಾಗಿದೆ, ಕರಿಮೆಣಸಲ್ಲ ಇದು. ನನ್ನದು ಹಾಳಾಗಿ ಹೋಗಲಿ, ನಾನು ಬಿದ್ದುಹೋದರೆ ರಿವಾಲ್ ಬಂದು ಪೊಟ್ಟಣವನ್ನು ಹಾಗೇ ಎತ್ತಿಕೊಂಡು ಹೋಗುತ್ತಾನೆ ಅಂತ ಹೆದರಿ ಪೊಟ್ಟಣ ಬಿಚ್ಚಿದೆ. ನಡುಸಮುದ್ರದಲ್ಲಿ ನೀನು ಜಾಡಿ ಬಿಚ್ಚಿ, ‘ಅಮ್ಮನ ಕೈರುಚಿ’ ಅಂತ ಎಲ್ಲರಿಗೂ ಹಂಚಿದ್ದರೆ! ಅಲ್ಲಿ ಯಾವ ಆಸ್ಪತ್ರೆ, ಯಾವ ಯೂನಾ? ಒಂದು ಜಾಡಿ ಕೈಜಾರಿ ಒಡೆಯಿತು, ಇನ್ನೆರಡನ್ನು ಬಚ್ಚಲಿಗೆ ಸುರಿದು ಬ್ಲೀಚು ಹಾಕಿದೆ. ಕಾಲುಚೀಲ ವಿನೆಗರ್ ನಾರುತ್ತಿದ್ದರೆ ಒಗೆದುಕೋ. ಯೂನಾಗೆ ನಾನೇ ಫೋನು ಮಾಡಿದೆ. ‘ಬಾರಮ್ಮಾ’ ಅಂದೆ, ನಾಲಗೆ ಹೊರಳಲಿಲ್ಲ, ಆದರೂ ಅವಳು ಯಾಕೆ ಅಂತ ಕೇಳಲೇ ಇಲ್ಲ. ಅವಳ ಕಾರು ಬಂತು, ಓಡಿ ಬರುತ್ತಿದ್ದಾಳೆ, ಚಪ್ಪಲಿಯೂ ಇಲ್ಲ ಕಾಲಿಗೆ. ನೀನು ಅವಳ ಕಡೆಗೇ ವಾಲು. ಹಂದಿ ಕೊಟ್ಟಿಗೆಯವರ ಮೇಲಿನ ನನ್ನ ಸಿಟ್ಟು ಮಾತ್ರ ಹಾಗೇ ಇದೆ, ಬದುಕಿ ಬಂದರೆ ಆ ಬೋರ್ಡನ್ನು ಕಿತ್ತು ಅವರ ಬಾಗಿಲಿಗೆ ನೆಡುತ್ತೇನೆ. ಚಮಚ ಇಲ್ಲೇ ಮೇಜಿನ ಮೇಲಿದೆ, ಮಗಾ. ಇನ್ನೂ ಬೆಳ್ಳಗೆ ಹೊಳೆಯುತ್ತಿದೆ, ಹಾಳಾದ್ದು.