ಹಿರಿಯ ಮಗಳ ಹೇಳಿಕೆ

ಅಮ್ಮಾ,

ನೀನು ತೀರಿಕೊಳ್ಳುವ ಹಿಂದಿನ ವರ್ಷ ಕೇಳಿದ್ದೆ: "ವೈದ್ಯಶಾಸ್ತ್ರ ಅಂತೀಯ, ಇತಿಹಾಸ ಅಂತೀಯ, ತತ್ತ್ವಶಾಸ್ತ್ರಾನೂ ಅಂತೀಯ. ಕೊನೆಗೆ ನೀನು ಓದ್ತಿರೋದಾದ್ರೂ ಏನೇ?" ನಾನು ನಕ್ಕು ಮಾತು ಹಾರಿಸಿದ್ದೆ. ಈಗ ಹೇಳುತ್ತೇನೆ. ಯಾರ ಮಾತು ತಿಳಿವಳಿಕೆ ಎನಿಸಿಕೊಳ್ಳುತ್ತದೆ, ಯಾರದು ಬರೀ ಮಾತಾಗಿ ಉಳಿಯುತ್ತದೆ ಎಂಬುದನ್ನು ಓದುತ್ತಿದ್ದೇನೆ.

ಅದಕ್ಕಾಗಿಯೇ ಆಸ್ಪತ್ರೆಯ ಹಳೆಯ ಕಡತಗಳನ್ನು ತಿರುವುತ್ತಿದ್ದೆ. ಇವತ್ತು ಬೆಳಿಗ್ಗೆ ಒಂದರಲ್ಲಿ ಆರು ವರ್ಷದ ಹುಡುಗಿ, ಮೂರು ದಿನದ ಜ್ವರ ಎಂದಿತ್ತು. ತಾರೀಖನ್ನು ಎರಡು ಸಲ ಓದಿದೆ. ಅದು ನಮ್ಮ ಪುಟ್ಟಿಯ ಕಡತ.

"ಮಗು ಎಂದಿನಂತೆ ಅಳುತ್ತಿಲ್ಲವೆಂದು ತಾಯಿ ಪದೇ ಪದೇ ಹೇಳುತ್ತಾರೆ" ಎಂದು ಡಾಕ್ಟರು ಬರೆದಿದ್ದಾರೆ. ಅದರ ಕೆಳಗೆ, "ತಾಯಿಗೆ ಎಲ್ಲದಕ್ಕೂ ಗಾಬರಿಯೆಂದು ಹಿರಿಯ ಮಗಳ ಹೇಳಿಕೆ. ಮನೆಗೆ ಕಳಿಸಲಾಯಿತು."

ನನಗಾಗ ಹದಿನಾರು. ಮರುದಿನ ಪರೀಕ್ಷೆಯಿತ್ತು, ಬೇಗ ಮನೆ ಸೇರಬೇಕಿತ್ತು. ಮನೆಗೆ ಬಂದ ಮೇಲೆ ಪುಟ್ಟಿ ಎರಡೇ ದಿನ ಬದುಕಿದ್ದಳು. ನೀನು ಡಾಕ್ಟರನ್ನು ಬೈದೆ, ದೇವರನ್ನು ಬೈದೆ, ನನ್ನನ್ನು ಮಾತ್ರ ಒಂದು ದಿನವೂ ಬೈಯಲಿಲ್ಲ. ನನ್ನ ಮಾತು ನಿನಗೆ ಕೇಳಿಸಿರಲಿಲ್ಲ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಆದರೆ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆಯಲ್ಲ.

ನನ್ನ ಸಂಶೋಧನೆಗೆ ಮಾರ್ಗದರ್ಶಕಿಯಾಗಿರುವ ಮೇಡಂ ಆ ಪುಟ ಓದಿ ಕುರ್ಚಿಯಿಂದ ಎದ್ದೇಬಿಟ್ಟರು.

"ನಿನ್ನ ಮೊದಲನೇ ಅಧ್ಯಾಯ ಇದೇ ಕಣೇ! ಹೆತ್ತವಳನ್ನ ಬಿಟ್ಟು ಆ ಹುಡುಗಿ ಮಾತು ನಂಬಿದಾರೆ ನೋಡು. ಅವಳನ್ನ ಹುಡುಕಿ ಮಾತಾಡಿಸೋಕಾಗುತ್ತಾ?"

"ಇಷ್ಟು ವರ್ಷ ಆದ್ಮೇಲೆ ಎಲ್ಲಿ ಸಿಗ್ತಾಳೆ ಮೇಡಂ," ಎಂದೆ.

ಅವರೂ ನನ್ನ ಮಾತು ನಂಬಿದರು.