ಮೂರನೆಯ ಕೂಗಿಗೆ ಕಾದವನಿಗೆ

ಮಾವ,

'ಪ್ರೀತಿಯ' ಎಂದು ಮೊದಲು ಬರೆದು, ಆಮೇಲೆ ಹೊಡೆದುಹಾಕಿದೆ. ಪ್ರೀತಿ ಇಲ್ಲವೆಂದಲ್ಲ, ಎರಡು ವರ್ಷವಾದರೂ ಸಿಟ್ಟು ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಹಾಗೆ ಬುದ್ಧಿ ಹೇಳುವವರ ಮನೆಯವರು ಯಾರೂ ಕಾಲು ಮುರಿದುಕೊಂಡು ಬಸರಿಹಳ್ಳದ ತಳದಲ್ಲಿ ಬಿದ್ದಿದ್ದು, ಹುಡುಕಲು ಬಂದವರು ಕೂಗಿದ್ದನ್ನು ಕಿವಿಯಾರೆ ಕೇಳಿಯೂ ಬಾಯಿ ಮುಚ್ಚಿಕೊಂಡಿರಲಿಲ್ಲ. ನೀನು ಹಾಗಿದ್ದೆ. ಊರಿಗೆಲ್ಲ ಕಾಡಿನ ಪಾಠ ಹೇಳುತ್ತಿದ್ದ ನೀನು!

ನನಗೆ ಹತ್ತು ವರ್ಷವಿದ್ದಾಗಿನ ಆ ಬೇಸಿಗೆ ನೆನಪಿದೆಯಾ? ರಜೆಗೆಂದು ಶಿಕಾರಿಪುರದಿಂದ ನಿಮ್ಮೂರಿಗೆ ಬಂದಿದ್ದೆ. ಚಂದ್ರಗುತ್ತಿ ಗುಡ್ಡದ ಈಚೆ ಬದಿಯ ಕಾಡಿನಲ್ಲಿ ನೀನು ಕೌಳಿ ಹಣ್ಣು ಕಿತ್ತು ಕಿತ್ತು ನನ್ನ ಲಂಗದ ಮಡಿಲಿಗೆ ಹಾಕುತ್ತಿದ್ದೆ. ದೂರದಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಅತ್ತೆಯದೇ ದನಿ. ನಾನು 'ಓ' ಎನ್ನುವ ಮೊದಲೇ ನಿನ್ನ ಅಂಟು ಕೈ ನನ್ನ ಬಾಯಿ ಮುಚ್ಚಿತು.

"ಒಂದೇ ಕೂಗಿಗೆ ಓಗೊಡಬಾರ್ದು ಕಣೇ. ಮನುಷ್ಯರಾದ್ರೆ ಮೂರು ಸಲ ಕರೀತಾರೆ. ಕಾಡಲ್ಲಿರೋದು ಒಂದೇ ಸಲ ಕರೆಯೋದು. ಅದೂ ನಮಗೆ ಗೊತ್ತಿರೋರ ದನೀಲೇ ಕರೆಯುತ್ತೆ."

"ಓ ಅಂದ್ರೆ ಏನಾಗುತ್ತೆ?"

"ಬೆನ್ನು ಹತ್ತುತ್ತೆ. ಇಲ್ಲಾಂದ್ರೆ ಕರ್ಕೊಂಡೇ ಹೋಗುತ್ತೆ."

ಅತ್ತೆ ಇನ್ನೂ ಎರಡು ಸಲ ಕರೆದ ಮೇಲೆಯೇ ನೀನು ಕೈ ತೆಗೆದದ್ದು. ಊಟಕ್ಕೆ ತಡ ಮಾಡಿದೆವೆಂದು ಅತ್ತೆ ಇಬ್ಬರಿಗೂ ಬೈಯುತ್ತಿದ್ದರೆ, ನೀನು ಅವಳ ಬೆನ್ನ ಹಿಂದೆ ನಿಂತು ನನ್ನತ್ತ ಕಣ್ಣು ಮಿಟುಕಿಸಿದೆ. ನಾನು ಆ ಪಾಠವನ್ನು ಮಗ್ಗಿಗಿಂತ ಚೆನ್ನಾಗಿ ಕಲಿತೆ.

ಅತ್ತೆಯ ಫೋನ್ ಬಂದಾಗ ನಾನು ಅಂಜನಾಪುರದಲ್ಲಿದ್ದೆ. ಕಾಲುವೆ ಪಕ್ಕದ ಗದ್ದೆಯೊಂದರ ಹದ್ದುಬಸ್ತು ಅಳತೆ. ಅಣ್ಣ ತಮ್ಮ ಇಬ್ಬರೂ ಬದುವಿನ ಮೇಲೆ ನಿಂತು ಒಂದಡಿ ಜಾಗಕ್ಕೆ ಕಿತ್ತಾಡುತ್ತಿದ್ದರು. "ನಿಮ್ಮ ಮಾವ ನಿನ್ನೆ ಬೆಳಿಗ್ಗೆ ಜೇನು ಕೀಳಕ್ಕೆ ಹೋದವ್ರು ಇನ್ನೂ ಬಂದಿಲ್ಲ ಕಣೇ" ಎಂದಳು ಅತ್ತೆ.

"ಯಾವ ಕಡೆ ಹೋದ್ರು?"

"ನಾನೆಂತ ಕೇಳ್ಲಿ? ಹೊರಟು ನಿಂತೋರಿಗೆ ಎಲ್ಲಿಗೆ ಅಂತ ಕೇಳ್ಬಾರ್ದಲ್ಲ."

"ಫೋನು?"

"ಇಲ್ಲೇ ಗೂಟಕ್ಕೆ ನೇತು ಹಾಕಿ ಹೋಗಿದಾರೆ."

ಟೇಪನ್ನು ಗದ್ದೆಯಲ್ಲೇ ಬಿಟ್ಟು ಬಂದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಅಪಶಕುನ, ಜೇನಿಗೆ ಹೋಗುವಾಗ ದಿಕ್ಕು ಹೇಳಿದರೆ ಬೇರೆಯವರ ಪಾಲು, ಫೋನ್ ಒಯ್ದರೆ ಹುಳುಗಳಿಗೆ ಆಗದು... ಒಬ್ಬ ಮನುಷ್ಯನಿಗೆ ಎಷ್ಟು ನಿಯಮ ಮಾವ? ಊರಿನ ಒಂದೊಂದು ಅಡಿ ಜಾಗ ಯಾರದೆಂದು ಗುರುತು ಹಾಕಿಕೊಡುವುದು ನನ್ನ ಕೆಲಸ. ನನ್ನ ಸ್ವಂತ ಸೋದರಮಾವ ಯಾವ ದಿಕ್ಕಿನಲ್ಲಿದ್ದಾನೆ ಎಂದು ಹೇಳುವವರು ಅವತ್ತು ಒಬ್ಬರೂ ಇರಲಿಲ್ಲ.

ಆ ಸಂಜೆ ನಾಲ್ಕು ಗಂಟೆಯ ಹೊತ್ತಿಗೆ ನಾನು ಬಸರಿಹಳ್ಳದ ಮೇಲಿನ ಬಂಡೆಯ ಮೇಲೆ ನಿಂತಿದ್ದೆ. ಊರಿನವರು ಗುಡ್ಡದ ಆಚೆ ಬದಿ ಹುಡುಕುತ್ತಿದ್ದರು. ನನ್ನ ಜೊತೆ ಅರಣ್ಯದ ಗಾರ್ಡ್ ಒಬ್ಬರಿದ್ದರು. ಮಧ್ಯಾಹ್ನದಿಂದ ಕೂಗಿ ಕೂಗಿ ನನ್ನ ಗಂಟಲು ಹರಿದಿತ್ತು. ಆದರೂ ಎರಡೂ ಕೈ ಬಾಯಿಗೆ ಹಿಡಿದು "ಮಾವಾ..." ಎಂದು ಕೂಗಿದೆ. ಎದುರು ಗುಡ್ಡ ಅದನ್ನೇ ತಿರುಗಿ ಹೇಳಿತು. ಒಂದು ಗಳಿಗೆ ಕಾದೆ. ಒಣಗಿದ ಎಲೆ ಉದುರುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ.

"ಮೇಡಂ, ಈ ಕಡೆ ಬೆಳಿಗ್ಗೇನೇ ನೋಡಿದೀವ್ರೀ. ಹೊತ್ತು ಮುಳುಗೋದ್ರೊಳಗೆ ಆ ಕಡೆ ಹೋಗೋಣ ಬರ್ರಿ" ಎಂದರು ಗಾರ್ಡ್.

ನಾನು ತಿರುಗಿ ನಡೆದೆ.

ಒಂದೇ ಸಲ ಕೂಗಿದ್ದೆ ಮಾವ. ನಿನ್ನಿಂದಲೇ ಪಾಠ ಕಲಿತವಳು, ಒಂದೇ ಸಲ. ಮರೆತಿದ್ದೆನಾ? ಇಲ್ಲ. ಆದರೆ ಕಾಲು ಮುರಿದು ಸಾಯುತ್ತಾ ಬಿದ್ದವನು ಅಂಥ ಹೊತ್ತಲ್ಲೂ ನಿಯಮ ಹಿಡಿದು ಕೂತಿರುತ್ತಾನೆ ಎಂದು ಯಾರಾದರೂ ಅಂದುಕೊಳ್ಳುತ್ತಾರಾ?

ಮರುದಿನ ಮಧ್ಯಾಹ್ನ ಊರಿನವರೊಬ್ಬರು ನೀರು ಕುಡಿಯಲೆಂದು ಆ ಹಳ್ಳಕ್ಕೆ ಇಳಿದದ್ದರಿಂದ ನೀನು ಸಿಕ್ಕಿದೆ. ಹುಡುಕಿದ್ದಕ್ಕಲ್ಲ, ಅವರಿಗೆ ಬಾಯಾರಿದ್ದಕ್ಕೆ. ನಾನು ನಿಂತು ಕೂಗಿದ ಬಂಡೆಯ ನೇರ ಕೆಳಗೆ, ಮಾವ. ನಡುವೆ ಎರಡು ಬಿದಿರು ಮೆಳೆ, ಅಷ್ಟೇ.

ಶಿರಾಳಕೊಪ್ಪದಲ್ಲಿ ಅವತ್ತು ಸಂತೆ. ಶಿವಮೊಗ್ಗಕ್ಕೆ ಹೊರಟ ಆಂಬುಲೆನ್ಸ್ ಎಷ್ಟು ಬಡಿದುಕೊಂಡರೂ ಈರುಳ್ಳಿ ಗಾಡಿಗಳು ಸರಿಯಲಿಲ್ಲ. ನಾನು ಕಿಟಕಿಯಿಂದ ಹೊರಗಿನವರಿಗೆಲ್ಲ ಬೈಯುತ್ತಿದ್ದರೆ ನೀನು ಸ್ಟ್ರೆಚರ್ ಮೇಲೆ ಮಲಗಿ, ಒಡೆದ ತುಟಿಯಲ್ಲಿ ನಿನ್ನ ಸಾಹಸ ಹೇಳತೊಡಗಿದೆ. ಜೇನಿದ್ದ ಮರದ ಬುಡದಲ್ಲಿ ಕಾಲು ಜಾರಿದ್ದು. ಮೂಳೆ ಮುರಿದದ್ದು ಗೊತ್ತಾದ ಕೂಡಲೇ ಎರಡು ಬಿದಿರು ಸೀಳಿ, ಟವೆಲ್ ಹರಿದು ಕಾಲಿಗೆ ಕಟ್ಟಿಕೊಂಡದ್ದು. ಕಿತ್ತ ಜೇನನ್ನೇ ಹೊತ್ತು ಹೊತ್ತಿಗೆ ಒಂದೊಂದು ಬೆರಳು ನೆಕ್ಕಿದ್ದು. ಹಳ್ಳದ ನೀರನ್ನು ಉಳಿದ ಬಟ್ಟೆಯಲ್ಲಿ ಸೋಸಿ ಕುಡಿದದ್ದು. ಕೇಳುತ್ತಾ ಕೇಳುತ್ತಾ ನನಗೆ ಹೆಮ್ಮೆಯೇ ಆಯಿತು. ಇಷ್ಟೆಲ್ಲ ಬುದ್ಧಿ ಇದ್ದವನು!

ಆಮೇಲೆ ತಪ್ಪುಗಳೂ ಒಂದೊಂದಾಗಿ ಹೊರಗೆ ಬಂದವು. ಮೊದಲು ಬಿದ್ದದ್ದು ಬಯಲು ಬಂಡೆಯ ಮೇಲಂತೆ. ಅಲ್ಲೇ ಇದ್ದಿದ್ದರೆ ಎದುರು ಗುಡ್ಡದಿಂದ ಯಾರಿಗಾದರೂ ಕಾಣುತ್ತಿದ್ದೆ. ನೀರು ಹುಡುಕಿಕೊಂಡು ತೆವಳಿ ತೆವಳಿ ಮೆಳೆಯ ನೆರಳಿಗೆ ಇಳಿದೆಯಂತೆ. ಅದು ಹೋಗಲಿ, ಬಾಯಾರಿಕೆಗೆ ಯಾರು ಏನು ಮಾಡಲಾಗುತ್ತದೆ? ಆದರೆ ಬೆಂಕಿಪೊಟ್ಟಣ? ಜೇನಿಗೆ ಹೊಗೆ ಹಾಕಲು ಒಯ್ದದ್ದು ಜೇಬಲ್ಲೇ ಇತ್ತಲ್ಲ!

"ಒಂದು ಹೊಗೆ ಎಬ್ಬಿಸಿದ್ರೆ ಸಾಕಿತ್ತಲ್ಲ ಮಾವ."

"ಬೇಸಿಗೇಲಿ ಕಾಡಿಗೆ ಬೆಂಕಿ ಹಾಕ್ತಾರೇನೇ? ಒಂದ್ ಕಿಡಿ ಹಾರಿದ್ರೆ ಗುಡ್ಡಕ್ಕೆ ಗುಡ್ಡವೇ ಹೋಗ್ತಿತ್ತು."

ಇದಕ್ಕೆ ನಾನು ಏನೆಂದು ಬೈಯಲಿ? ಬೈಯಬೇಕು ಅನ್ನಿಸುತ್ತದೆ, ಬಾಯಿ ಬರುವುದಿಲ್ಲ. ಈ ಒಂದು ತಪ್ಪನ್ನು ಬಿಟ್ಟುಬಿಟ್ಟಿದ್ದೇನೆ. ನನ್ನ ಸಿಟ್ಟು ಇದರ ಮೇಲಲ್ಲ.

ಸಂತೆ ದಾಟಿದ ಮೇಲೆ ನೀನು ನನ್ನ ಕೈ ಹಿಡಿದುಕೊಂಡೆ. "ನಿನ್ನೆ ನೀನು ಕರೆದದ್ದು ಕೇಳ್ತು ಕಣೇ" ಎಂದೆ.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಕೇಳಿದ್ರೆ ಓ ಅನ್ಬೇಕಿತ್ತಲ್ಲ?"

"ಒಂದೇ ಸಲ ಕರೆದೆ. ಇನ್ನೆರಡು ಸಲ ಕರೀತೀಯೇನೋ ಅಂತ ಕಾಯ್ತಾ ಇದ್ದೆ. ಅಲ್ಲದೆ ನೀನು ಶಿಕಾರಿಪುರದಲ್ಲಿರೋಳು, ಈ ಕಾಡಿಗೆ ಎಲ್ಲಿಂದ ಬರ್ತೀಯ? ನಿನ್ನ ದನಿ ಮಾಡ್ಕೊಂಡು ಅದೇ ಬಂತು ಅಂದ್ಕೊಂಡೆ."

ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ ಹೇಳಿದ್ದರೆ ನಾನು ಅಳುತ್ತಿದ್ದೆ. ನೀನು ಹೇಳಿದ್ದು ಹಾಗಲ್ಲ. ಜಾಣತನದಿಂದ ಪಾರಾದವನ ಹಾಗೆ ಹೇಳಿದೆ! ಇನ್ನು ಎರಡೇ ಎರಡು ಸಲ ಕರೆದಿದ್ದರೆ ಅಂತ ನನ್ನ ಎದೆಯೊಳಗೆ... ಆ ಮಾತು ಬೇಡ. ಶಿಕಾರಿಪುರ ಬರುವವರೆಗೂ ನಾನು ಕಿಟಕಿಯ ಕಡೆಗೇ ನೋಡುತ್ತಿದ್ದೆ. ನಿನ್ನ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ, ಅದಾದರೂ ನಿನಗೆ ಗೊತ್ತಾಗಿತ್ತಾ?

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಮುರಿದ ಮೂಳೆ ಸೀಳಿದ ಗಾಯದ ನಂಜು ಮೈಗೆಲ್ಲ ಏರಿದೆ, ಒಂದು ದಿನ ಮುಂಚೆ ಕರೆತಂದಿದ್ದರೆ ಬೇರೆ ಮಾತಾಗುತ್ತಿತ್ತು ಎಂದರು. ಒಂದೇ ಒಂದು ದಿನ. ಅಂದರೆ ಬಂಡೆಯ ಮೇಲೆ ನಾನು ನಿಂತಿದ್ದ ಆ ಸಂಜೆಯ ಹೊತ್ತು. ನೀನು ಮತ್ತೆರಡು ದಿನ ಇದ್ದು ಹೋದೆ. ಮಣ್ಣಿಗೆ ಬಂದವರೆಲ್ಲ "ಹಣೆಬರಹ", "ಕಾಡು ಕರೆಸಿಕೊಂಡಿತು" ಎಂದರು. ಹಣೆಯಲ್ಲಿ ಯಾರೂ ಏನೂ ಬರೆದಿರಲಿಲ್ಲ, ಕಾಡು ಕರೆಯಲೂ ಇಲ್ಲ. ಕರೆದದ್ದು ನಾನು! ಎದ್ದು ನಿಂತು ಕಿರುಚಬೇಕು ಅನ್ನಿಸಿತು. ಅತ್ತೆಯ ಮುಖ ನೋಡಿ ಸುಮ್ಮನಾದೆ. ಗಂಡನಿಗೆ ಕೇಳಿಸಿತ್ತು, ಆದರೂ ಓಗೊಡಲಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ನಾನು ಮತ್ತೆ ಕೂಗದೆ ತಿರುಗಿ ನಡೆದೆ ಎಂದು ಹೇಗೆ ಹೇಳಲಿ?

ಮೊದಲ ವರ್ಷದ ತಿಥಿಗೆ ಅತ್ತೆ ಹಿತ್ತಲ ಗೋಡೆಯ ಮೇಲೆ ಬಾಳೆಲೆಯಲ್ಲಿ ಎಡೆ ಇಟ್ಟು ಕಾಗೆಯನ್ನು ಕರೆದಳು. ಮೂರು ಸಲವಲ್ಲ, ಮೂವತ್ತು ಸಲ ಕರೆದಳು. ಒಂದು ಕಾಗೆಯೂ ಬರಲಿಲ್ಲ. ಬಂದವರೆಲ್ಲ ಹಸಿದು ಕಾದು, ಕೊನೆಗೆ ಎಡೆಯನ್ನು ದನದ ಮುಂದೆ ಇಟ್ಟು ಊಟಕ್ಕೆ ಕೂತರು. "ನಿಮ್ಮ ಮಾವನಿಗೆ ನನ್ನ ಮೇಲೆ ಎಂತದೋ ಸಿಟ್ಟಿದೆ" ಎಂದು ಅತ್ತೆ ಅಡುಗೆಮನೆಯಲ್ಲಿ ಕೂತು ಅತ್ತಳು. ಆವತ್ತೂ ನಾನು ಬಾಯಿ ಬಿಡಲಿಲ್ಲ. ಬಾಯಿ ಮುಚ್ಚಿಕೊಂಡಿರುವುದನ್ನು ನಿನ್ನಿಂದಲೇ ಕಲಿತಿದ್ದೆನಲ್ಲ.

ಹೋದ ಮಳೆಗಾಲದ ಆರಂಭದಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಗುಡುಗು ಬಂದ ಮೂರನೇ ದಿನ ಅತ್ತೆ ಅಣಬೆಗೆಂದು ಕಾಡಿಗೆ ಹೋಗಿದ್ದಳು. ಭಾನುವಾರ, ನಾನು ಊರಿಗೆ ಬಂದಿದ್ದೆ. ಮಂಜು ಮುಸುಕಿ ಹತ್ತು ಮಾರು ಆಚೆಗೆ ಕಾಣುತ್ತಿರಲಿಲ್ಲ. ಮಧ್ಯಾಹ್ನವಾದರೂ ಅವಳು ಬರಲಿಲ್ಲ. ನಾನು ಅಂಗಳಕ್ಕೆ ಇಳಿದೆ. ಪಕ್ಕದ ಮನೆಯಾಕೆ ಓಡಿ ಬಂದು, "ಬಸರಿಹಳ್ಳದ ಮೇಲಿನ ಹುತ್ತದ ಹತ್ರ ಹೋಗಿದಾಳೆ" ಎಂದಳು. ಹೊರಡುವಾಗ ಅತ್ತೆಯೇ ಆಕೆಯನ್ನು ಕರೆದು, "ಎಲ್ಲಿಗೆ ಅಂತ ಕೇಳೇ ನನ್ನ" ಎಂದು ಬಲವಂತವಾಗಿ ಕೇಳಿಸಿಕೊಂಡು, ಉತ್ತರ ಹೇಳಿ ಹೋಗಿದ್ದಳಂತೆ. ನಗು ಬಂತಾ ಮಾವ? ನನಗೆ ಅವತ್ತು ಬರಲಿಲ್ಲ.

ಅದೇ ಬಂಡೆಯ ಹತ್ತಿರ ಹೋಗಿ ನಿಂತೆ. ಈ ಸಲ ಗಂಟಲು ಹರಿದು ಹೋದರೂ ಮೂರು ಸಲ ಕೂಗದೆ ಹೆಜ್ಜೆ ಕದಲಿಸುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡಿದ್ದೆ. "ಅತ್ತೇ..." ಎಂದೆ. ಒಂದನೆಯದು.

"ಓ..." ಎಂದು ಬಂತು. ಎಡಗಡೆಯಿಂದ, ಮಂಜಿನೊಳಗಿಂದ.

ದಾರಿ ತಪ್ಪಿದ್ದು ಗೊತ್ತಾದ ಕೂಡಲೇ ಅವಳು ಅಲ್ಲಿ ಇಲ್ಲಿ ಅಲೆಯದೆ ಒಂದು ಮರದ ಬುಡದಲ್ಲಿ ಕೂತುಬಿಟ್ಟಿದ್ದಳು. ತಲೆಗೆ ಕಟ್ಟಿದ್ದ ಕೆಂಪು ವಸ್ತ್ರ ಬಿಚ್ಚಿ ಕೊಂಬೆಗೆ ಕಟ್ಟಿದ್ದಳು. ಪಕ್ಕದಲ್ಲಿ ಬುಟ್ಟಿ ತುಂಬ ಅಣಬೆ. ನಾನು ಅವಳ ಎರಡೂ ತೋಳು ಹಿಡಿದು ಅಲುಗಾಡಿಸಿಬಿಟ್ಟೆ. "ಒಂದೇ ಕೂಗಿಗೆ ಓ ಅಂದ್ಯಲ್ಲ ಅತ್ತೆ! ಹೆದರಿಕೆ ಆಗ್ಲಿಲ್ವಾ?"

"ಹೆದರಿಕೆ ಎಂತಕ್ಕೆ ಮಾರಾಯ್ತಿ? ಮನುಷ್ಯರಾದ್ರೆ ಮನೆಗೆ ಹೋಗ್ತೀನಿ. ಅದು ಆದ್ರೆ, ನಿಮ್ಮ ಮಾವನೇ ಇರ್ಬೇಕು ಅಂತ ಓ ಅಂದೆ."

ಆಗ ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಆ ಒದ್ದೆ ಎಲೆಗಳ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬಂಡೆ, ಗಾರ್ಡ್, ನನ್ನ ಒಂದು ಕೂಗು, ಆಂಬುಲೆನ್ಸಿನಲ್ಲಿ ನೀನು ಅಂದದ್ದು. ಅತ್ತೆ ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಅಣಬೆಯ ಮಣ್ಣು ಕೊಡವುತ್ತಾ ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ, "ಮನೇಲೂ ಹಂಗೇ ಇದ್ರಲ್ಲೇ ಅವ್ರು. ಇಷ್ಟು ವರ್ಷ ಒಂದಿನಾನೂ ಒಂದು ಕೂಗಿಗೆ ಊಟಕ್ಕೆ ಬಂದವ್ರಲ್ಲ. ಮೂರು ಸಲ ಕರೀಬೇಕು, ಸಾರು ಆರಬೇಕು, ಆಮೇಲೆ ಬರ್ಬೇಕು. ಅದು ಅವ್ರ ಹಠ. ನಿನ್ನ ತಪ್ಪು ಎಂತಿದೆ ಅದ್ರಲ್ಲಿ?" ಎಂದಳು. ಹೇಳಿದವಳೇ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ಅಳುತ್ತಲೇ ನಿನಗೆ ಬೈದಳು. ನಾನೂ ಜೊತೆಗೂಡಿದೆ. ನಾವಿಬ್ಬರೂ ಸೇರಿ ನಿನ್ನನ್ನು ಬೈದ ಹಾಗೆ ಆ ಕಾಡಿನಲ್ಲಿ ಯಾರೂ ಯಾರನ್ನೂ ಬೈದಿರಲಿಕ್ಕಿಲ್ಲ.

ಈಗ ನಿಮ್ಮೂರಿನಲ್ಲಿ ಕಾಡಿಗೆ ಹೊರಟ ಯಾರನ್ನು ಕಂಡರೂ ಅತ್ತೆ "ಎಲ್ಲಿಗೆ?" ಎಂದು ಅಡ್ಡ ನಿಂತು ಕೇಳುತ್ತಾಳೆ. ಕೆಲವರು ಮುಖ ಸಿಂಡರಿಸುತ್ತಾರೆ, ಉತ್ತರ ಹೇಳದೆ ಬಿಡಿಸಿಕೊಂಡು ಹೋದವರಿಲ್ಲ. ನಾನೂ ಒಂದು ಮಾತು ಕೊಡುತ್ತೇನೆ ಮಾವ. ಯಾರನ್ನು ಕರೆದರೂ ಮೂರು ಸಲ ಕರೆಯುತ್ತೇನೆ. ಯಾರು ಕರೆದರೂ ಒಂದನೆಯದಕ್ಕೇ ಓ ಎನ್ನುತ್ತೇನೆ.

ಮೊನ್ನೆ ನಿನ್ನ ಎರಡನೆಯ ವರ್ಷದ ತಿಥಿ. ಅತ್ತೆ ಗೋಡೆಯ ಮೇಲೆ ಎಲೆ ಇಟ್ಟು, ಕಡುಬು, ವಡೆ ಬಡಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಒಂದೇ ಸಲ ಕರೀತೀನಿ. ಬಂದ್ರೆ ಬರ್ಲಿ. ಇನ್ನು ಮೂರು ಸಲ ಕರೆಯೋಳಲ್ಲ ನಾನು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, "ಕಾ" ಎಂದಳು.

ಅವಳು ಕೈ ಇಳಿಸುವ ಮೊದಲೇ ಹಲಸಿನ ಮರದಿಂದ ಒಂದು ಕಾಗೆ ಹಾರಿ ಬಂದು ಎಲೆಯ ಮೇಲೆ ಕೂತಿತು.

ಒಂದೇ ಕೂಗಿಗೆ. ಈಗ ಬಂತಾ ಬುದ್ಧಿ, ಮಾವ?